ನಗದಾಗದ ನೂರು ಪೌಂಡು

(ಬಳ್ಳಾರಿಯಲ್ಲಿ ಶಾಲಾ ಬಾಲಕರ ಫುಟ್‌ಬಾಲ್ ಪಂದ್ಯಾವಳಿಯ ಸಮಾರೋಪದಲ್ಲಿ ಮಾಡಿದ ಉಪನ್ಯಾಸ)

ಹಿರಿಯರೇ, ಆಟಗಾರ ಮಕ್ಕಳೇ, ಮಕ್ಕಳಿಗಿಂತ ಹೆಚ್ಚು ಕೂಗಾಡಿ ಈಗ ಗಂಟಲು ಕಟ್ಟಿಸಿಕೊಂಡು ಕುಳಿತಿರುವ ತಂದೆತಾಯಂದಿರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಕ್ರೀಡೆ ಮತ್ತು ಶಿಸ್ತು’ ಎಂದು ಅಚ್ಚಾಗಿದೆ. ಆ ವಿಷಯದ ಮೇಲೆ ನಾಲ್ಕು ಪುಟ ಬರೆದುಕೊಂಡೂ ಬಂದಿದ್ದೆ. ಆದರೆ ಅರ್ಧ ಗಂಟೆಯ ಹಿಂದೆ ಇದೇ ವೇದಿಕೆಯ ಮೇಲೆ ನಡೆದ ಬಹುಮಾನ ವಿತರಣೆಯನ್ನು ನೋಡಿದ ಮೇಲೆ ಆ ಪುಟಗಳನ್ನು ಮಡಚಿ ಜೇಬಿಗೆ ಸೇರಿಸಿದ್ದೇನೆ. ಹೆಚ್ಚು ಗೋಲು ಹೊಡೆದ ಹುಡುಗನಿಗೆ ಕಪ್ ಕೊಟ್ಟಿರಿ, ಸಂತೋಷ. ಒಳ್ಳೆಯ ಗೋಲ್‌ಕೀಪರನಿಗೆ ಕೊಟ್ಟಿರಿ, ಅದೂ ಸರಿ. ಆದರೆ ಫೈನಲ್ ಪಂದ್ಯದ ಮೂರು ಗೋಲುಗಳಲ್ಲಿ ಎರಡಕ್ಕೆ, ಬಾಯಿಗೆ ತುತ್ತಿಟ್ಟ ಹಾಗೆ ಚೆಂಡನ್ನು ತಂದು ಕೊಟ್ಟವನು ಬಲಗಡೆಯ ಗೆರೆಗುಂಟ ಓಡುತ್ತಿದ್ದ ಏಳನೆಯ ನಂಬರಿನ ಸಣಕಲು ಹುಡುಗ. ಅವನಿಗೆ ಸಿಕ್ಕಿದ್ದು ಎಲ್ಲರಿಗೂ ಹಂಚಿದ ಪ್ರಮಾಣಪತ್ರವೊಂದೇ. ಅದರಲ್ಲೂ ಅವನ ಹೆಸರಿಗೆ ಒಂದು ಒತ್ತಕ್ಷರ ಕಡಿಮೆ ಬಿದ್ದಿದೆ ಎಂದು ಅವನ ತಾಯಿ ಈಗಷ್ಟೇ ನನಗೆ ತೋರಿಸಿದರು.

ನಾನು ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡಿದವನು. ಹತ್ತು ಪೈಸೆ ಹೆಚ್ಚುಕಡಿಮೆಯಾದರೆ ರಾತ್ರಿ ಒಂಬತ್ತರವರೆಗೆ ಕುಳಿತು ಲೆಡ್ಜರ್ ತಿರುವಿಹಾಕುತ್ತಿದ್ದ ಕಾಲದ ಮನುಷ್ಯ. ಹೀಗಾಗಿ ಜಮೆಗೆ ಹಿಡಿಯದೆ ಬಿಟ್ಟ ರಕಮು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಫುಟ್‌ಬಾಲಿನ ಲೆಕ್ಕದಲ್ಲಿ ಹಾಗೆ ಜಮೆಯಾಗದೆ ಉಳಿದುಹೋಗುವ ರಕಮು ಮೈದಾನದ ಅಂಚಿನ ಗೆರೆಗುಂಟ ಓಡುವ ವಿಂಗರನದು. ನಮ್ಮ ಹಿರಿಯರ ಬಾಯಲ್ಲಿ ಹೇಳುವುದಾದರೆ ರೈಟ್‌ಔಟ್, ಲೆಫ್ಟ್‌ಔಟ್ ಆಟಗಾರರದು. ಗೋಲು ಹೊಡೆದವನ ಹೆಸರು ಪುಸ್ತಕಕ್ಕೆ ಹೋಗುತ್ತದೆ, ಚೆಂಡು ತಂದುಕೊಟ್ಟವನ ಹೆಸರು ನೋಡಿದವರ ಬಾಯಲ್ಲಿ ಮಾತ್ರ ಇರುತ್ತದೆ. ನೋಡಿದವರು ಹೋದ ದಿನ ಆ ಹೆಸರೂ ಹೋಗುತ್ತದೆ. ಈ ಮಾತನ್ನು ನಾನು ಇವತ್ತು ಮೂರು ನಾಲ್ಕು ಸಲ ಹೇಳುವವನಿದ್ದೇನೆ, ಬೇಸರಿಸಬಾರದು.

1949ರಿಂದ 1953ರವರೆಗೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯಲ್ಲಿ ದಕ್ಷಿಣದಿಂದ ಹೋದ ಐವರು ಆಡುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳಿಗಳು ಅವರನ್ನು ಪಂಚಪಾಂಡವರೆಂದೇ ಕರೆದರು. ಬೆಂಗಳೂರಿನ ಅಹ್ಮದ್ ಖಾನರ ಹೆಸರನ್ನು ಇವತ್ತಿಗೂ ನಾಲ್ಕು ಜನ ಹೇಳುತ್ತಾರೆ. ಬಲತುದಿಯ ವೆಂಕಟೇಶ್ ಮತ್ತು ಎಡತುದಿಯ ಸಾಲೆ ಎಂದರೆ ಸಭೆ ಸುಮ್ಮನಾಗುತ್ತದೆ. ಐದು ಜನ ಇದ್ದಲ್ಲಿ ಇಬ್ಬರು ನಕುಲ ಸಹದೇವರಾಗಲೇಬೇಕು ಎಂಬುದು ನಮ್ಮ ಗಮಕಿಗಳಿಗೆ ಗೊತ್ತಿರುವ ಮಾತು. ಭೀಮ ಎದೆ ಬಡಿದುಕೊಳ್ಳುವಾಗ ಸಭೆಯ ನಿದ್ದೆ ಹಾರಿಹೋಗುತ್ತದೆ, ನಕುಲನ ಪದ್ಯ ಬಂದಾಗ ಯಾರೋ ಚಹಾ ಕುಡಿಯಲು ಎದ್ದು ಹೋಗುತ್ತಾರೆ.

ನಾನು ಹೇಳಬೇಕೆಂದಿರುವ ನಕುಲ ಇವರಿಗಿಂತಲೂ ಹಿಂದಿನವನು. ಅವನ ಹೆಸರು ಮೊಹಮ್ಮದ್ ಸಲೀಂ. 1904ರಲ್ಲಿ ಕಲ್ಕತ್ತೆಯ ಮೆಟಿಯಾಬ್ರುಜ್‌ನಲ್ಲಿ, ಎಂದರೆ ಗಡೀಪಾರಾಗಿ ಬಂದ ಅವಧದ ನವಾಬ ವಾಜಿದ್ ಅಲಿ ಶಾ ನೆಲೆಸಿದ ಆ ಪೇಟೆಯಲ್ಲಿ ಹುಟ್ಟಿದವನು. ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ರೈಟ್‌ಔಟ್. 1934ರಲ್ಲಿ ಆ ತಂಡ ಕಲ್ಕತ್ತಾ ಲೀಗನ್ನು ಗೆದ್ದಾಗ, ಅಲ್ಲಿಯವರೆಗೆ ಗೋರಾ ಸಿಪಾಯಿಗಳ ಮತ್ತು ಯುರೋಪಿಯನ್ ಕ್ಲಬ್ಬುಗಳ ಮನೆಯ ಸೊತ್ತಾಗಿದ್ದ ಕಪ್ ಮೊದಲ ಬಾರಿಗೆ ಭಾರತೀಯರ ಕೈಗೆ ಬಂತು. ಒಂದು ಸಲ ಬಂದದ್ದು ಬಿಟ್ಟು ಹೋಗಲಿಲ್ಲ, 1938ರವರೆಗೆ ಸತತ ಐದು ವರ್ಷ ಅವರಲ್ಲೇ ಉಳಿಯಿತು.

ಸಲೀಂ ಹೆಸರನ್ನು ನಾನು ಮೊದಲು ಕೇಳಿದ್ದು ಪುಸ್ತಕದಿಂದ ಅಲ್ಲ, ಕೌಂಟರಿನ ಆಚೆ ಕಡೆಯಿಂದ. ನಾನು ಕೆಲಸಕ್ಕೆ ಸೇರಿದ ಹೊಸತು. ಕೌಲ್‌ಬಜಾರಿನ ಮುದುಕರೊಬ್ಬರು ಪ್ರತಿ ತಿಂಗಳು ಒಂದನೆಯ ತಾರೀಖು ಪಿಂಚಣಿಗೆ ಬರುತ್ತಿದ್ದರು. ಹರೆಯದಲ್ಲಿ ಕೆಲವು ವರ್ಷ ಕಲ್ಕತ್ತೆಯಲ್ಲಿ ಕೆಲಸ ಮಾಡಿದ್ದವರು. ಟೋಕನ್ ಕೈಗೆ ಬಂದ ಮೇಲೆ ಹಣ ಬರುವ ತನಕ ಅರ್ಧ ಗಂಟೆ ಅವರಿಗೆ ಬೇರೆ ಕೆಲಸವಿರಲಿಲ್ಲ, ನನಗೆ ಬೇಕಾದಷ್ಟು ಕೆಲಸವಿತ್ತು, ಆದರೂ ಕಥೆ ನಡೆಯುತ್ತಿತ್ತು. ಅವರ ಸಲೀಂ ಬರಿಗಾಲಲ್ಲಿ ವಿಲಾಯಿತಿಗೆ ಹೋಗಿ, ಒಬ್ಬನೇ ಏಳು ಗೋಲು ಹೊಡೆದು, ದೊರೆಯ ಕೈಯಿಂದ ಪದಕ ತೆಗೆದುಕೊಂಡು, ಪದಕವನ್ನು ಹಡಗಿನಿಂದ ಸಮುದ್ರಕ್ಕೆ ಎಸೆದು ಬಂದಿದ್ದ. ಇದನ್ನು ಕೇಳುತ್ತ ಕೇಳುತ್ತ ನಾನು ಒಂದು ಸಲ ಯಾರದೋ ಖಾತೆಯ ನಾನೂರು ರೂಪಾಯಿಯನ್ನು ಇನ್ಯಾರದೋ ಖಾತೆಗೆ ಬರೆದು ಮೇಲಧಿಕಾರಿಗಳಿಂದ ಬೈಸಿಕೊಂಡೆ. ಆ ಬೈಗುಳಕ್ಕೆ ನಾನು ಋಣಿ, ಏಕೆಂದರೆ ಬೈಸಿಕೊಂಡ ಮೇಲೆ ಈ ಸಲೀಂ ಯಾರೆಂದು ನೋಡಿಯೇ ಬಿಡೋಣ ಎಂಬ ಹಟ ಬಂತು.

ನೋಡಿದಾಗ ಮುದುಕರ ಕಥೆಯಲ್ಲಿ ಅರ್ಧ ನಿಜವಿತ್ತು, ಮತ್ತು ಆ ಅರ್ಧ ಸುಳ್ಳಿಗಿಂತ ದೊಡ್ಡದಾಗಿತ್ತು.

1936. ಬರ್ಲಿನ್ ಒಲಿಂಪಿಕ್ಸಿಗೆ ಹೊರಟಿದ್ದ ಚೀನಾದ ಫುಟ್‌ಬಾಲ್ ತಂಡ ದಾರಿಯಲ್ಲಿ ಕಲ್ಕತ್ತೆಯಲ್ಲಿ ಎರಡು ಪ್ರದರ್ಶನ ಪಂದ್ಯಗಳಿಗೆ ಇಳಿಯಿತು. ಮೊದಲ ಪಂದ್ಯದಲ್ಲಿ ಸಲೀಂ ಆಡಿದ, ಚೀನೀಯರೂ ಮೆಚ್ಚಿದರು. ಎರಡನೆಯ ಪಂದ್ಯದ ಹೊತ್ತಿಗೆ ಆಸಾಮಿಯೇ ನಾಪತ್ತೆ. ಗ್ಲಾಸ್ಗೋ ನಗರದ ಸ್ಕಾಟ್ಸ್‌ಟನ್ ಎಂಬಲ್ಲಿ ಅಂಗಡಿ ಇಟ್ಟುಕೊಂಡಿದ್ದ ಹಾಶಿಂ ಎಂಬ ಸಂಬಂಧಿಕ ರಜೆಗೆ ಊರಿಗೆ ಬಂದಿದ್ದವನು, ಆಟ ನೋಡಿ, ಇವನನ್ನು ಹಡಗು ಹತ್ತಿಸಿಕೊಂಡು ಹೋಗಿಬಿಟ್ಟಿದ್ದ. ಹಾಶಿಂ ಅಣ್ಣನೆಂದು ಕೆಲವರು, ದಾಯಾದಿಯೆಂದು ಕೆಲವರು. ನಮ್ಮ ಕಡೆ ಮದುವೆ ಮನೆಯಲ್ಲಿ ಇರುವಷ್ಟೇ ಗೊಂದಲ ಇಲ್ಲಿಯೂ ಇದೆ. ಕೈರೋ ದಾರಿಯಾಗಿ ಲಂಡನ್ನಿಗೆ, ಲಂಡನ್ನಿನಿಂದ ಗ್ಲಾಸ್ಗೋಗೆ ಹೋದರು.

ಅಲ್ಲಿ ಸೆಲ್ಟಿಕ್ ಎಂಬ ಕ್ಲಬ್ಬು. ಸಾಮಾನ್ಯದ್ದಲ್ಲ, ಆಗಷ್ಟೇ 1935–36ರ ಸ್ಕಾಟಿಷ್ ಲೀಗನ್ನು ಗೆದ್ದು ಬಂದಿತ್ತು. ಮ್ಯಾನೇಜರ್ ವಿಲ್ಲಿ ಮ್ಯಾಲಿ 1897ರಿಂದ ಅದೇ ಕುರ್ಚಿಯಲ್ಲಿ ಕುಳಿತಿದ್ದ ಮನುಷ್ಯ. ಅವರ ಮುಂದೆ ಹಾಶಿಂ ಹೋಗಿ ನಿಂತು, ಹಿಂದೂಸ್ತಾನದಿಂದ ದೊಡ್ಡ ಆಟಗಾರನೊಬ್ಬ ಬಂದಿದ್ದಾನೆ, ಒಮ್ಮೆ ಪರೀಕ್ಷೆ ಮಾಡಿ ನೋಡಿ, ಆದರೆ ಒಂದು ಸಣ್ಣ ತೊಂದರೆ ಇದೆ, ಅವನು ಬರಿಗಾಲಲ್ಲಿ ಆಡುತ್ತಾನೆ ಎಂದನಂತೆ. ಮ್ಯಾಲಿ ನಕ್ಕರಂತೆ. ನಗದೆ ಏನು ಮಾಡಿಯಾರು? ಎದುರಿಗಿದ್ದವರೆಲ್ಲ ಉಕ್ಕಿನ ಹಾಗೆ ಗಟ್ಟಿಯಾದ ಬೂಟು ಹಾಕಿ ಅದನ್ನೇ ದುಡಿಮೆ ಮಾಡಿಕೊಂಡವರು. ಇವನಿಗೆ ಮೂವತ್ತೆರಡು ವರ್ಷ, ಇಂಗ್ಲಿಷ್ ಬಾರದು, ಹಾಶಿಂ ತರ್ಜುಮೆ ಮಾಡಿ ಹೇಳಬೇಕು. ಆದರೂ ಮ್ಯಾಲಿ ಒಪ್ಪಿದರು, ಕ್ಲಬ್ಬಿನ ಸದಸ್ಯರ ಮುಂದೆ ಪರೀಕ್ಷೆ ನಡೆಯಿತು, ಸಲೀಂ ಪಾಸಾದ.

ಇಲ್ಲಿ ಒಂದು ಚಿತ್ರವಿದೆ. ನಿಮ್ಮಲ್ಲಿ ಕೆಲವರಾದರೂ ಅದನ್ನು ನೋಡಿರಬಹುದು. ಸಲೀಂ ಸೆಲ್ಟಿಕ್ ಅಂಗಿ ತೊಟ್ಟು ಕುಳಿತಿದ್ದಾನೆ. ಅವನ ಪಾದಕ್ಕೆ ಬಗ್ಗಿಕೊಂಡು ಬಿಳಿಯ ಬ್ಯಾಂಡೇಜ್ ಸುತ್ತುತ್ತಿರುವವರು ತಂಡದ ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ. ಈ ಮೆಕ್‌ಮೆನೆಮಿ ತಮ್ಮ ಕಾಲದಲ್ಲಿ ಸೆಲ್ಟಿಕ್‌ನ ಹೆಸರಾಂತ ಆಟಗಾರರು, ಜನ ಅವರನ್ನು ಕರೆಯುತ್ತಿದ್ದುದು ‘ನೆಪೋಲಿಯನ್’ ಎಂದು. 1936ರಲ್ಲಿ, ನಮ್ಮ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿ ಕಲೆಕ್ಟರ್ ಸಾಹೇಬರಿಗೆ ಎದ್ದು ನಿಂತು ಸಲಾಮು ಹೊಡೆಯುತ್ತಿದ್ದ ಕಾಲದಲ್ಲಿ, ಒಬ್ಬ ಬಿಳಿಯ ನೆಪೋಲಿಯನ್ ಮೆಟಿಯಾಬ್ರುಜಿನ ಹುಡುಗನ ಅಂಗಾಲನ್ನು ಕೈಯಲ್ಲಿ ಹಿಡಿದು ಪಟ್ಟಿ ಕಟ್ಟುತ್ತಿದ್ದಾನೆ. ನಾನು ಆ ಚಿತ್ರವನ್ನು ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ನನ್ನ ಕಣ್ಣು ಹೋಗುವುದು ಆ ಕೈಗಳ ಮೇಲೆ. ತಾಯಿ ಮಗುವಿನ ಗಾಯಕ್ಕೆ ಬಟ್ಟೆ ಕಟ್ಟುವಾಗ ಇರುವಂಥ ಶ್ರದ್ಧೆ ಅಲ್ಲಿದೆ, ಪೋಟೋಗೆಂದು ಮಾಡಿದ ನಟನೆಯಾಗಿದ್ದರೂ ಕೈಗೆ ಆ ಕೆಲಸದ ಅಭ್ಯಾಸವಿರುವುದು ಸುಳ್ಳಲ್ಲ.

1936ರ ಆಗಸ್ಟ್ 28, ಶುಕ್ರವಾರ ಸಂಜೆ, ಪಾರ್ಕ್‌ಹೆಡ್ ಮೈದಾನ. ಗಾಲ್ಸ್ಟನ್ ತಂಡದ ವಿರುದ್ಧ ಅಲಯನ್ಸ್ ಲೀಗಿನ ಪಂದ್ಯ, ದೊಡ್ಡ ಕ್ಲಬ್ಬುಗಳು ತಮ್ಮ ಎರಡನೆಯ ತಂಡವನ್ನು ಇಳಿಸುತ್ತಿದ್ದ ಲೀಗು ಅದು. ನೆನಪಿಡಿ, ಅದಕ್ಕೆ ಹದಿಮೂರು ದಿನ ಮುಂಚೆ, ಆಗಸ್ಟ್ 15ರಂದು, ಬರ್ಲಿನ್ನಿನಲ್ಲಿ ಧ್ಯಾನ್‌ಚಂದರ ಹಾಕಿ ತಂಡ ಜರ್ಮನಿಗೆ ಎಂಟು ಗೋಲು ಹಾಕಿತ್ತು. ಆ ಎಂಟು ಗೋಲು ನಮ್ಮ ಪಠ್ಯಪುಸ್ತಕದಲ್ಲಿವೆ. ಸೆಲ್ಟಿಕ್ ಆ ಸಂಜೆ ಏಳು ಗೋಲು ಹಾಕಿತು, ಗಾಲ್ಸ್ಟನ್ ಒಂದು. ಏಳರಲ್ಲಿ ಸಲೀಂ ಹೊಡೆದದ್ದು ಸೊನ್ನೆ.

ಮರುದಿನ ಸ್ಕಾಟಿಷ್ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬಂದ ಸುದ್ದಿ ಗೋಲು ಹೊಡೆದವರನ್ನು ಬಿಟ್ಟು ಈ ಸೊನ್ನೆಯ ಮೇಲೆ ಬರೆಯಿತು. ಸಲೀಮನ ಹತ್ತು ಕಾಲ್ಬೆರಳುಗಳು ನೆರೆದವರನ್ನು ಮರುಳುಗೊಳಿಸಿದವು ಎಂದು ಬರೆಯಿತು. ಅವನು ಚೆಂಡನ್ನು ಹೆಬ್ಬೆರಳಿನ ಮೇಲೆ ನಿಲ್ಲಿಸಿಕೊಳ್ಳುತ್ತಾನೆ, ಅಲ್ಲಿಂದ ಕಿರುಬೆರಳಿನ ತನಕ ಉರುಳಲು ಬಿಡುತ್ತಾನೆ, ತಿರುಗಿಸುತ್ತಾನೆ, ಒಂಟಿಕಾಲಲ್ಲಿ ಎದುರಾಳಿಯನ್ನು ಸುತ್ತಿಹೋಗಿ ಚೆಂಡನ್ನು ನಡುವಿನವನಿಗೆ ಚಿಮ್ಮಿಸುತ್ತಾನೆ, ಅವನಿಗೆ ಉಳಿಯುವುದು ಅದನ್ನು ಗೋಲಿಗೆ ತಳ್ಳುವ ಕೆಲಸ ಮಾತ್ರ. ಏಳರಲ್ಲಿ ಮೂರು ಗೋಲು ಅವನ ಆಟದಿಂದ ಬಂದವು. ಪೆನಾಲ್ಟಿ ಹೊಡೆ ಎಂದರೆ ನಾಚಿಕೊಂಡು ಒಲ್ಲೆನೆಂದ.

ಸ್ವಲ್ಪ ಇಲ್ಲಿ ನಿಲ್ಲೋಣ. ಹೆಬ್ಬೆರಳಿನಿಂದ ಕಿರುಬೆರಳಿಗೆ! ಬೂಟು ಹಾಕಿದವನ ಪಾದ ನೋಡುವವನಿಗೆ ಒಂದೇ ವಸ್ತು, ಒಂದು ಕಪ್ಪು ಗುದ್ದಲಿಯ ಹಾಗೆ. ಬರಿಗಾಲಿನವನ ಪಾದದಲ್ಲಿ ಐದು ವಸ್ತುಗಳಿವೆ. ಆ ವರದಿಗಾರ ತನ್ನ ವೃತ್ತಿಜೀವನದಲ್ಲಿ ಅದುವರೆಗೆ ಫುಟ್‌ಬಾಲ್ ಆಟಗಾರನ ಕಿರುಬೆರಳನ್ನು ಕಂಡೇ ಇರಲಿಲ್ಲ. ಕಂಡದ್ದೇ ತಡ, ಸ್ಕೋರನ್ನು ಮರೆತು ಬೆರಳು ಎಣಿಸಲು ಕುಳಿತ. ನಾನು ವಿಂಗರನ ಅಭಿಮಾನಿ ಎಂದು ಕರೆಯುವುದು ಇಂಥವನನ್ನು. ನಡುವೆ ನಿಂತು ಗೋಲು ಹೊಡೆಯುವ ಸೆಂಟರ್‌ಫಾರ್ವರ್ಡಿನ ಅಭಿಮಾನಿ ‘ಎಷ್ಟು’ ಎಂದು ಹೇಳುತ್ತಾನೆ. ರೈಟ್‌ಔಟಿನ ಅಭಿಮಾನಿ ‘ಹೇಗೆ’ ಎಂದು ಹೇಳುತ್ತಾನೆ, ಹೇಳುವಾಗ ಎದ್ದು ನಿಂತು ಪಂಚೆ ಎತ್ತಿ ಕಟ್ಟುತ್ತಾನೆ. ನಮ್ಮ ಪಿಂಚಣಿದಾರರೂ ಹೀಗೆಯೇ, ಕೌಂಟರಿನ ಎದುರು ಚಪ್ಪಲಿ ಕಳಚಿ, ಟೋಕನ್ನನ್ನೇ ಚೆಂಡು ಮಾಡಿ, ಹೆಬ್ಬೆರಳಿನ ಮೇಲೆ ಇಟ್ಟು ತೋರಿಸಿದ್ದರು. ಹಿತ್ತಾಳೆಯ ಟೋಕನ್ ಜಾರಿ ಬೆಂಚಿನ ಕೆಳಗೆ ಹೋಯಿತು, ಅದನ್ನು ಹುಡುಕುವ ಕೆಲಸ ನನ್ನದಾಯಿತು. ಅವರು ಗ್ಲಾಸ್ಗೋಗೆ ಹೋದವರಲ್ಲ, ಆ ಪತ್ರಿಕೆಯನ್ನು ಓದಿದವರಲ್ಲ. ಆದರೆ ಅದೇ ಹೆಬ್ಬೆರಳು, ಅದೇ ಕಿರುಬೆರಳು! ಹೀಗಾಗಿ ಅವರು ಸಲೀಮನನ್ನು ಕಲ್ಕತ್ತೆಯಲ್ಲಿ ಕಣ್ಣಾರೆ ಕಂಡಿದ್ದರು ಎಂದು ನಾನು ಆ ಪತ್ರಿಕೆಯ ಮಾತನ್ನು ಓದಿದ ದಿನ ನಂಬಿದೆ. ಏಳು ಗೋಲಿನ ಸುಳ್ಳನ್ನು ಆ ದಿನವೇ ಮನ್ನಾ ಮಾಡಿದೆ.

ಆ ಪತ್ರಿಕೆಯ ಮೇಲೆ ನನಗೊಂದು ಅಸಮಾಧಾನವೂ ಇದೆ. ತಲೆಬರಹದಲ್ಲಿ ಅದು ಸಲೀಮನನ್ನು ‘ಇಂಡಿಯನ್ ಜಗ್ಲರ್’ ಎಂದಿತು. ಅಹ್ಮದ್ ಖಾನರನ್ನೂ ‘ಹಾವಾಡಿಗ’ ಎಂದೇ ಕರೆದರು. ಬಿಳಿಯನು ಚೆಂಡನ್ನು ಹಿಡಿತದಲ್ಲಿಟ್ಟರೆ ಅದು ಕಲಿತ ವಿದ್ಯೆ, ನಮ್ಮವನು ಇಟ್ಟರೆ ಸಂತೆಯ ದೊಂಬರಾಟ. ಮಣ್ಣಿನ ಮೈದಾನದಲ್ಲಿ ವರ್ಷಗಟ್ಟಲೆ ಉಗುರು ಕಿತ್ತುಕೊಂಡು ಕಲಿತದ್ದನ್ನು ಮಾಟವೆಂದು ಕರೆದರೆ ಕಲಿತವನಿಗೆ ಕೂಲಿ ಕೊಡುವ ಅಗತ್ಯ ಬೀಳುವುದಿಲ್ಲವಲ್ಲ. ದೊಂಬರನ್ನು ನಾನು ಹೀಗಳೆಯುತ್ತಿಲ್ಲ, ಅವರ ವಿದ್ಯೆಗೂ ಯಾರೂ ಕೂಲಿ ಕೊಡಲಿಲ್ಲ.

ಹ್ಯಾಮಿಲ್ಟನ್ ತಂಡದ ಎದುರೂ ಸಲೀಂ ಆಡಿದ, ಅಲ್ಲಿ ನಾಚಿಕೆ ಬಿಟ್ಟು ಪೆನಾಲ್ಟಿಯನ್ನೂ ಹೊಡೆದ. ಮೊದಲ ತಂಡದ ಬಲತುದಿಯಲ್ಲಿ ಆಗ ಜಿಮ್ಮಿ ಡಿಲೇನಿ ಎಂಬ ಮಹಾ ಆಟಗಾರನಿದ್ದ. ಕಾದಿದ್ದರೆ ಏನಾಗುತ್ತಿತ್ತೋ ಎನ್ನುವ ಪ್ರಶ್ನೆ ಬೇಡ, ಸಲೀಮನಿಗೆ ಊರು ನೆನಪಾಯಿತು. ಚಳಿ, ಭಾಷೆ, ಊಟ, ಯಾವುದನ್ನು ಹೇಳಿದರೂ ಕಡಿಮೆಯೇ. ಕ್ಲಬ್ಬಿನವರು ಇರು ಎಂದರು, ಇವನು ಹೊರಟ. ಹೊರಡುವಾಗ ಅವನಿಗಾಗಿ ಒಂದು ಸಹಾಯಾರ್ಥ ಪಂದ್ಯ ನಡೆಸಿ ಗೇಟಿನ ವಸೂಲಿಯಲ್ಲಿ ಶೇಕಡ 5 ಕೊಡುತ್ತೇವೆಂದರಂತೆ. ಶೇಕಡ 5 ಎಂದರೆ ಎಷ್ಟಾಗುತ್ತದೆಂದು ಅವನಿಗೆ ತಿಳಿಯದು. ಆಟ ನೋಡಲು ಬರಲಿದ್ದ ಅನಾಥ ಮಕ್ಕಳಿಗೆ ಅದನ್ನು ಕೊಟ್ಟುಬಿಡಿ ಎಂದನಂತೆ. ಆಮೇಲೆ ತಿಳಿಯಿತು, ಅದು 1,800 ಪೌಂಡ್ ಆಗಿತ್ತಂತೆ. ಸಲೀಂ ಕಥೆ ಹೇಳುವವರೆಲ್ಲ ಈ ಜಾಗದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ನಾನೂ ಒರೆಸಿಕೊಂಡೆ. ಆಮೇಲೆ ಚಟ ಬಿಡದೆ ಕಾಗದ ಪೆನ್ಸಿಲ್ ತೆಗೆದುಕೊಂಡೆ. ಶೇಕಡ 5 ಎಂದರೆ ಇಪ್ಪತ್ತರಲ್ಲಿ ಒಂದು ಪಾಲು. ಆ ಒಂದು ಪಾಲು 1,800 ಪೌಂಡ್ ಆದರೆ ಒಟ್ಟು ವಸೂಲಿ 36,000 ಪೌಂಡ್. ಒಂದು ಪೌಂಡಿಗೆ ಇಪ್ಪತ್ತು ಶಿಲಿಂಗ್, ಎಂದರೆ 7,20,000 ಶಿಲಿಂಗ್. ಆ ಕಾಲದಲ್ಲಿ ಸಾಮಾನ್ಯ ಪ್ರವೇಶಕ್ಕೆ ಒಂದು ಶಿಲಿಂಗ್. ಹಾಗಾದರೆ ನಮ್ಮ ಸಲೀಮನ ಪಂದ್ಯಕ್ಕೆ ಏಳು ಲಕ್ಷ ಇಪ್ಪತ್ತು ಸಾವಿರ ಜನ ಬಂದಿರಬೇಕು. ಅದರ ಮರುವರ್ಷ, 1937ರಲ್ಲಿ, ಅದೇ ಗ್ಲಾಸ್ಗೋದ ಹ್ಯಾಂಪ್‌ಡನ್ ಪಾರ್ಕಿನಲ್ಲಿ ಸ್ಕಾಟ್ಲೆಂಡ್–ಇಂಗ್ಲೆಂಡ್ ಪಂದ್ಯಕ್ಕೆ ಒಂದೂವರೆ ಲಕ್ಷದ ಹತ್ತಿರ ಜನ ಸೇರಿದ್ದು ಇಡೀ ಯುರೋಪಿನಲ್ಲಿ ದಾಖಲೆ. ಅಂಥ ಹ್ಯಾಂಪ್‌ಡನ್ ಐದು ಸಲ ತುಂಬಬೇಕು! ಶೇಕಡ 5 ಸುಳ್ಳೋ, 1,800 ಸುಳ್ಳೋ, ಎರಡರಲ್ಲಿ ಒಂದಂತೂ ಟ್ಯಾಲಿ ಆಗುವುದಿಲ್ಲ. ಯಾರೋ ಒಬ್ಬ ಅಭಿಮಾನಿ ಯಾವುದೋ ಚಹಾದಂಗಡಿಯಲ್ಲಿ ಒಂದು ಸೊನ್ನೆಯನ್ನು ಕೈಯಿಂದ ಹಾಕಿರಬೇಕು.

ಆದರೆ ನೋಡಿ, ಅಭಿಮಾನಿಯ ಲೆಕ್ಕ ತಪ್ಪುವುದು ಯಾವಾಗಲೂ ಒಂದೇ ದಿಕ್ಕಿಗೆ. ಸಿಗಬೇಕಾದದ್ದು ಸಿಗಲಿಲ್ಲ ಎಂಬ ಸಂಕಟವಿದ್ದ ಕಡೆಗೆ ಸೊನ್ನೆ ಸೇರುತ್ತದೆ. ಗೋಲು ಹೊಡೆದವನ ಲೆಕ್ಕ ಪುಸ್ತಕದಲ್ಲಿ ಇರುವುದರಿಂದ ಅಲ್ಲಿ ಯಾರೂ ಕೈಯಾಡಿಸಲಾರರು. ಅದೇ ಸೆಲ್ಟಿಕ್ ತಂಡದ ಜಿಮ್ಮಿ ಮೆಕ್‌ಗ್ರೋರಿ 1935–36ರ ಲೀಗಿನಲ್ಲಿ 50 ಗೋಲು ಹೊಡೆದ. ಅದು ಐವತ್ತೇ, ಐವತ್ತೊಂದು ಎಂದರೆ ಹಿಡಿದು ಕೇಳುತ್ತಾರೆ. ಚೆಂಡು ತಂದುಕೊಟ್ಟವನ ಪುಟ ಖಾಲಿ ಇರುವುದರಿಂದ ಅಭಿಮಾನಿಯೇ ಅದರಲ್ಲಿ ಬರೆಯುತ್ತಾನೆ. ನಮ್ಮ ಬಳ್ಳಾರಿ ರಾಘವರ ವಿಷಯದಲ್ಲಿ ಆಗಿರುವುದೂ ಇದೇ. ಅವರ ದುರ್ಯೋಧನನನ್ನು ರಂಗದ ಮೇಲೆ ಕಂಡವರು ಈಗ ಇಲ್ಲ. ಕಂಡವರು ಹೇಳಿದ್ದನ್ನು ಕೇಳಿದವರು ಇದ್ದಾರೆ, ಅವರ ಬಾಯಲ್ಲಿ ರಾಘವರು ರಂಗಕ್ಕೆ ಬಂದರೆ ದೀಪ ನಡುಗುತ್ತಿತ್ತು. ನಡುಗಿರಲಿಕ್ಕಿಲ್ಲ. ಯಾರೋ ನಡುಗಿದ್ದರು ಎಂಬುದಂತೂ ನಿಜ.

ಇನ್ನು ಬರಿಗಾಲಿನ ಮಾತು. ಬರಿಗಾಲಿನ ಆಟವೆಂದರೆ ಕೆಲವರಿಗೆ ಈಗ ಕನಿಕರ, ಕೆಲವರಿಗೆ ನಗೆ. 1950ರ ವಿಶ್ವಕಪ್ಪಿಗೆ ಭಾರತ ಹೋಗದಿದ್ದುದಕ್ಕೆ ಬೂಟಿಲ್ಲದ್ದೇ ಕಾರಣ ಎಂದು ಇಂದಿಗೂ ಹೇಳುತ್ತಾರೆ. ಅದು ಕಟ್ಟುಕಥೆ. ನಮ್ಮ ಫುಟ್‌ಬಾಲ್ ಸಂಘದವರಿಗೆ ಒಲಿಂಪಿಕ್ಸ್ ದೊಡ್ಡದಾಗಿತ್ತು, ವಿಶ್ವಕಪ್ಪಿನ ಬೆಲೆ ಅವರಿಗೆ ತಿಳಿದಿರಲಿಲ್ಲ ಎಂಬುದು ಸತ್ಯಕ್ಕೆ ಹತ್ತಿರ. 1911ರಲ್ಲಿ ಮೋಹನ್ ಬಾಗಾನ್ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿ ಕಲ್ಕತ್ತೆಯ ಐಎಫ್‌ಎ ಶೀಲ್ಡ್ ಪಂದ್ಯಾವಳಿಯನ್ನು ಗೆದ್ದಾಗ ಹನ್ನೊಂದರಲ್ಲಿ ಹತ್ತು ಜನ ಬರಿಗಾಲಿನವರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರೇ; ಆ ದಿನ ಭಾರತದ ಏಕೈಕ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಎಸ್. ರಾಮನ್.

ಬಳ್ಳಾರಿಯವರಿಗೆ ಬರಿಗಾಲಿನ ಮಹಿಮೆಯನ್ನು ಹೊರಗಿನವರು ಹೇಳಬೇಕಾಗಿಲ್ಲ. ನಮ್ಮ ಊರಿಗೆ ಇರುವುದು ಎರಡೇ ಕಾಲ, ಬಿಸಿಲುಗಾಲ ಮತ್ತು ಕಡು ಬಿಸಿಲುಗಾಲ. ಏಪ್ರಿಲ್ ತಿಂಗಳ ನಾಲ್ಕು ಗಂಟೆಗೆ ಮೈದಾನಕ್ಕೆ ಇಳಿದರೆ ಹೆಂಚಿನ ಮೇಲೆ ರೊಟ್ಟಿ ಹಾಕಿದ ಹಾಗೆ. ಅದರ ಮೇಲೆ, ರಾಜ್ಯದ ಉಳಿದವರು ನಮ್ಮ ಹೆಸರನ್ನೇ ಅಂಟಿಸಿ ಕರೆಯುವ ಬಳ್ಳಾರಿ ಜಾಲಿ. ಆ ಮುಳ್ಳು ಮೊದಲು ಚೆಂಡಿಗೆ ಚುಚ್ಚುತ್ತಿತ್ತು, ಚೆಂಡು ತಪ್ಪಿದರೆ ಅಂಗಾಲಿಗೆ. ನಾವು ಹುಡುಗರಾಗಿದ್ದಾಗ ಪ್ರತಿ ತಂಡದಲ್ಲಿಯೂ ಪಿನ್ನು ಹಿಡಿದು ಮುಳ್ಳು ತೆಗೆಯುವ ಒಬ್ಬ ನಿಪುಣನಿರುತ್ತಿದ್ದ, ಅವನು ಆಟದಲ್ಲಿ ಎಷ್ಟು ದಡ್ಡನಾದರೂ ತಂಡದಿಂದ ಕೈಬಿಡುವಂತಿರಲಿಲ್ಲ. ಕ್ಯಾಂಟೋನ್ಮೆಂಟಿನಲ್ಲಿ ಗೋರಾ ಸಿಪಾಯಿಗಳು ಬೂಟು ಹಾಕಿ ಒದ್ದ ಆಟವನ್ನು ಬೇಲಿಯ ಆಚೆಯಿಂದ ನೋಡಿ ಕಲಿತವರ ಮೊಮ್ಮಕ್ಕಳು ನಾವು. ಇವತ್ತು ತೋರಣಗಲ್ಲಿನ ಕಡೆ ಹೋದರೆ ಬೆಂಗಳೂರು ಎಫ್‌ಸಿಯ ಅಕಾಡೆಮಿಯ ಮಕ್ಕಳು ಹಸಿರು ಹುಲ್ಲಿನ ಮೇಲೆ ಬಣ್ಣಬಣ್ಣದ ಬೂಟು ಹಾಕಿ ಆಡುತ್ತಾರೆ. ನೋಡಲು ಕಣ್ಣಿಗೆ ತಂಪು. ನನಗೆ ಹೊಟ್ಟೆಕಿಚ್ಚಿಲ್ಲ, ಅವರ ಕಿರುಬೆರಳು ಕಾಣಿಸುವುದಿಲ್ಲ ಎಂಬುದಷ್ಟೇ.

ಈಗ ಸಂಘಟಕರು ಒಂದು ಚೀಟಿ ಕಳಿಸಿದ್ದಾರೆ. ‘ಸಾರ್, ಕರೆಂಟ್ ಹೋಗುವ ಸಮಯ’ ಎಂದಿದೆ. ಇದು ನಯವಾದ ಮಾತು, ಅರ್ಥ ಮಾಡಿಕೊಳ್ಳುತ್ತೇನೆ. ಹೇಳಬೇಕಾದ ಇನ್ನೂ ನಾಲ್ಕು ವಿಷಯಗಳಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಫೈನಲಿನಲ್ಲಿ ಇದೇ ಮೊಹಮ್ಮಡನ್ ಸ್ಪೋರ್ಟಿಂಗನ್ನು ಸೋಲಿಸಿ, ಆ ಕಪ್ ಗೆದ್ದ ಮೊದಲ ಭಾರತೀಯ ಸಿವಿಲಿಯನ್ ತಂಡವಾದದ್ದನ್ನು ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಬಿಡುತ್ತೇನೆ. ಸಲೀಮನ ಅರವತ್ತಮೂರು ವರ್ಷಗಳ ನಂತರ, 1999ರಲ್ಲಿ, ಭೈಚುಂಗ್ ಭುಟಿಯಾ ಇಂಗ್ಲೆಂಡಿನ ಬರಿ ಕ್ಲಬ್ಬಿಗೆ ಹೋದದ್ದು ನಿಮಗೆ ಗೊತ್ತೇ ಇದೆ. ಬರಿಗಾಲಿನವನ ದಾರಿಯಲ್ಲಿ ‘ಬರಿ’ ಕ್ಲಬ್ಬು ಬಂತು ಎಂದು ಒಂದು ಶ್ಲೇಷೆಯನ್ನೂ ಸಿದ್ಧಮಾಡಿಕೊಂಡಿದ್ದೆ. ಸಭೆಯ ಮುಖ ನೋಡಿದರೆ ಅದನ್ನೂ ಬಿಡಬಹುದಿತ್ತು.

ಒಂದನ್ನು ಮಾತ್ರ ಬಿಡಲಾರೆ. ಸಲೀಂ ತೀರಿಕೊಂಡದ್ದು 1980ರಲ್ಲಿ. ಅದಕ್ಕೆ ಮುಂಚೆ, ಅವನು ಹಾಸಿಗೆ ಹಿಡಿದಿದ್ದಾಗ, ಮಗ ರಶೀದ್ ಸೆಲ್ಟಿಕ್ ಕ್ಲಬ್ಬಿಗೆ ಒಂದು ಪತ್ರ ಬರೆದರು. ತಂದೆಗೆ ಕಾಯಿಲೆ, ಚಿಕಿತ್ಸೆಗೆ ಹಣ ಬೇಕು ಎಂದು. ಹಣ ಕೇಳುವುದು ಅವರ ಉದ್ದೇಶವಾಗಿರಲಿಲ್ಲ. ನಾಲ್ಕು ದಶಕಗಳ ಹಿಂದೆ ಕೆಲವೇ ದಿನ ಆಡಿಹೋದ ರೈಟ್‌ಔಟ್ ಅವರ ನೆನಪಿನಲ್ಲಿ ಇದ್ದಾನೋ ಇಲ್ಲವೋ ಎಂದು ತಿಳಿಯಲು ಹೂಡಿದ ಉಪಾಯ ಅದು. ಹೀಗೆಂದು ರಶೀದ್ ಅವರೇ ಮುಂದೆ ಹೇಳಿಕೊಂಡರು. ಉತ್ತರ ಬಂತು. ಲಕೋಟೆಯಲ್ಲಿ ಪತ್ರದ ಜೊತೆಗೆ ನೂರು ಪೌಂಡಿನ ಬ್ಯಾಂಕ್ ಡ್ರಾಫ್ಟ್ ಇತ್ತು. ರಶೀದ್ ಅದನ್ನು ನಗದು ಮಾಡಲಿಲ್ಲ, ಇಟ್ಟುಕೊಂಡರು.

ಬ್ಯಾಂಕಿನವನಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಆಗುತ್ತದೆ. ಡ್ರಾಫ್ಟ್ ಬರೆದ ದಿನವೇ ಸೆಲ್ಟಿಕ್‌ನ ಖಾತೆಯಿಂದ ನೂರು ಪೌಂಡ್ ಖರ್ಚಾಯಿತು, ಅವರ ಪುಸ್ತಕ ಚೊಕ್ಕ. ಆದರೆ ಬರೆದುಕೊಟ್ಟ ಬ್ಯಾಂಕಿನ ಲೆಡ್ಜರಿನಲ್ಲಿ ಆ ನೂರು ಪೌಂಡ್ ‘ಕೊಡಬೇಕಾದದ್ದು’ ಎಂಬ ಪುಟದಲ್ಲಿ ನಿಂತಿತು. ತಿಂಗಳ ಕೊನೆಗೆ ಗುಮಾಸ್ತ ಬಾಕಿ ಡ್ರಾಫ್ಟುಗಳ ಪಟ್ಟಿ ಮಾಡುತ್ತಾನೆ, ಪ್ರತಿ ತಿಂಗಳೂ ಆ ಒಂದು ಸಾಲನ್ನು ಮತ್ತೆ ಬರೆಯುತ್ತಾನೆ. ಇದು ಯಾರದು, ಏಕೆ ಇನ್ನೂ ಬಂದಿಲ್ಲ ಎಂದು ಗೊಣಗುತ್ತಾನೆ. ನಾನು ಇಂಥ ಪಟ್ಟಿಗಳನ್ನು ಮೂವತ್ತೇಳು ವರ್ಷ ಬರೆದಿದ್ದೇನೆ, ಹಾಗೆಯೇ ಗೊಣಗಿದ್ದೇನೆ. ಗ್ಲಾಸ್ಗೋದ ಆ ಗುಮಾಸ್ತ, ಯಾರೇ ಇರಲಿ, ಸಲೀಮನ ಹೆಸರನ್ನು ಎಷ್ಟೋ ತಿಂಗಳು ತನ್ನ ಕೈಯಾರೆ ಬರೆದಿರುತ್ತಾನೆ ಎಂದು ಯೋಚಿಸಿದಾಗ ನನಗೆ ನನ್ನ ನೌಕರಿಯ ಬಗ್ಗೆ ಮೊದಲ ಸಲ ಹೆಮ್ಮೆ ಎನಿಸಿತು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ನಮ್ಮ ಊರಿನ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಒಬ್ಬ ರೈಟ್‌ಔಟ್ ಇದ್ದರು. ಹೆಸರು ಹೇಳುವುದಿಲ್ಲ, ಹಿರಿಯರಿಗೆಲ್ಲ ಗೊತ್ತು, ಅವರ ಮನೆಯವರೂ ಸಭೆಯಲ್ಲಿದ್ದಾರೆ. ಗುಂತಕಲ್ಲಿನಿಂದ ಬಂದ ತಂಡದ ಎದುರು ಕಡೆಯ ನಿಮಿಷದಲ್ಲಿ ಅವರು ಬಲಮೂಲೆಯಿಂದ ಬರಿಗಾಲಲ್ಲಿ ಎತ್ತಿದ ಚೆಂಡು ಗಾಳಿಯಲ್ಲಿ ಕುಡುಗೋಲಿನ ಹಾಗೆ ಬಾಗಿ, ಗೋಲ್‌ಕೀಪರನ ತಲೆ ದಾಟಿ, ಯಾರ ಮೈಯನ್ನೂ ಮುಟ್ಟದೆ ನೇರವಾಗಿ ಒಳಗೆ ಹೋಯಿತು ಎಂದು ನಾನು ನಲವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಸುತ್ತ ನಿಂತವರು ಕನ್ನಡದಲ್ಲಿ ‘ಹೊಡಿಯೋ’ ಎಂದದ್ದು, ತೆಲುಗಿನಲ್ಲಿ ‘ಕೊಟ್ಟರಾ’ ಎಂದದ್ದು, ಉರ್ದುವಿನಲ್ಲಿ ‘ಮಾರ್ ರೇ’ ಎಂದದ್ದು ಎಲ್ಲವನ್ನೂ ನಾನು ಕೇಳಿದ್ದು ನಿಜ. ನೋಡಿದ್ದು ಮಾತ್ರ ಸುಳ್ಳು. ಆ ಹೊತ್ತಿಗೆ ನಾನು ಮೈದಾನಕ್ಕೆ ಬೆನ್ನು ಹಾಕಿ, ತಳ್ಳುಗಾಡಿಯವನಿಂದ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಕಟ್ಟಿಸಿಕೊಳ್ಳುತ್ತಿದ್ದೆ. ಚಿಲ್ಲರೆ ಎಣಿಸುತ್ತಿದ್ದಾಗ ಹಿಂದಿನಿಂದ ಆ ಗದ್ದಲ ಎದ್ದಿತು. ತಿರುಗುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು, ಎಲ್ಲರೂ ಅವರ ಕಡೆ ಓಡುತ್ತಿದ್ದರು. ಕುಡುಗೋಲು, ಬಾಗು, ಗೋಲ್‌ಕೀಪರನ ತಲೆ, ಇವೆಲ್ಲ ಆ ರಾತ್ರಿ ಓಣಿಯ ಕಟ್ಟೆಯ ಮೇಲೆ ನಾನು ಇತರರಿಂದ ಕೂಡಿಸಿಕೊಂಡದ್ದು.

ನಾನು ಈ ಕಥೆ ಶುರುಮಾಡಿದಾಗಿನಿಂದ ಮೂರನೆಯ ಸಾಲಿನಲ್ಲಿ ಬಿಳಿ ಟೋಪಿಯ ಹಿರಿಯರೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ. ಅವರು ಆ ದಿನ ಗೋಲ್‌ಪೋಸ್ಟಿನ ಹಿಂದೆಯೇ ನಿಂತಿದ್ದರೆಂದು ನನಗೆ ಗೊತ್ತು, ಚೆಂಡು ಸೆಂಟರ್‌ಫಾರ್ವರ್ಡಿನ ಹಣೆಗೆ ತಾಗಿ ಹೋಯಿತೆಂದು ಅವರ ವಾದ ಎನ್ನುವುದೂ ಗೊತ್ತು. ಬನ್ನಿ, ಮೇಲೆ ಬನ್ನಿ, ಮೆಟ್ಟಿಲು ಜೋಪಾನ. ಯಾರಾದರೂ ಅವರ ಕೈ ಹಿಡಿದುಕೊಳ್ಳಿ. ಆ ಏಳನೆಯ ನಂಬರಿನ ಹುಡುಗನೂ ಮುಂದೆ ಬಂದು ಕುಳಿತುಕೊಳ್ಳಲಿ. ಮೈಕ್ ಇನ್ನು ಇವರದು, ಕರೆಂಟ್ ಹೋದರೆ ಗಟ್ಟಿಯಾಗಿ ಹೇಳಲಿ.